ಇಮ್ಯಾಕ್ಸ್‌ನಲ್ಲಿ ಕೀಲಿಮಣೆಯ ಫೋಕಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಒತ್ತಿದ ಅಕ್ಷರ ನಾವು ನೋಡುತ್ತಿದ್ದ ಜಾಗದಲ್ಲಿ ಮೂಡದೆ ಪಕ್ಕದ ಕಡತದಲ್ಲಿ ಮೂಡಿದ ಅನುಭವ ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕ ಬಳಸುವವರಿಗೆಲ್ಲ ಒಂದಲ್ಲ ಒಂದು ದಿನ ಆಗಿರುತ್ತದೆ. ಇದರ ಬಗ್ಗೆ ಬರುವ ಪ್ರಶ್ನೆಗಳು ನೋಡಲು ಬೇರೆಬೇರೆಯಾದರೂ ಹೆಚ್ಚಿನವುಗಳ ಬೇರು ಒಂದೇ: ಕೀಲಿ ಎಲ್ಲಿಗೆ ಸೇರಬೇಕೆಂಬುದನ್ನು, ಅಂದರೆ ಫೋಕಸನ್ನು, ಇಲ್ಲಿ ಒಬ್ಬ ಯಜಮಾನ ತೀರ್ಮಾನಿಸುವುದಿಲ್ಲ, ಇಬ್ಬರು ತೀರ್ಮಾನಿಸುತ್ತಾರೆ. ಫ್ರೇಮ್ ಯಾವುದೆಂದು ಆಪರೇಟಿಂಗ್ ಸಿಸ್ಟಂ ಹೇಳುತ್ತದೆ. ಆ ಫ್ರೇಮಿನೊಳಗೆ ವಿಂಡೋ ಯಾವುದೆಂದು ಇಮ್ಯಾಕ್ಸ್ ಹೇಳುತ್ತದೆ.

ಬರವಣಿಗೆಯ ಕ್ರಮದ ಬಗ್ಗೆ ಒಂದು ಮಾತು. "ಕಂಟ್ರೋಲ್-ಎಕ್ಸ್ ಓ" ಎಂದರೆ ಕಂಟ್ರೋಲ್ ಹಿಡಿದು ಎಕ್ಸ್ ಒತ್ತಿ, ಎರಡನ್ನೂ ಬಿಟ್ಟು, ಆಮೇಲೆ ಓ ಒತ್ತುವುದು. ಮೆಟಾ ಎಂದರೆ ಇಂದಿನ ಕೀಲಿಮಣೆಗಳ ಆಲ್ಟ್. ಆಜ್ಞೆ ಮತ್ತು ಆಯ್ಕೆಗಳ ಹೆಸರುಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ; ಬಳಸುವಾಗ ರೋಮನ್ ಅಕ್ಷರಗಳಲ್ಲಿ ಟೈಪಿಸಬೇಕು.

## ಮೊದಲ ಪಾಠ

ನನಗೆ ಪರದೆಯ ಮೇಲೆ ಕಾಣುವುದು ಒಂದೇ ವಿಂಡೋ. ನೀವು "ಎರಡು ವಿಂಡೋ" ಅಂತ ಯಾವುದಕ್ಕೆ ಹೇಳ್ತೀರಿ?

ಇಮ್ಯಾಕ್ಸ್‌ನ ಪದಬಳಕೆ ಬೇರೆ ತಂತ್ರಾಂಶಗಳದ್ದಕ್ಕಿಂತ ಭಿನ್ನವಾಗಿದೆ. ಶೀರ್ಷಿಕೆ ಪಟ್ಟಿಯೂ ಮುಚ್ಚುವ ಗುಂಡಿಯೂ ಇರುವ, ಆಲ್ಟ್-ಟ್ಯಾಬ್ ಒತ್ತಿದಾಗ ಸರದಿಯಲ್ಲಿ ಬರುವ ಚೌಕವನ್ನು ಬೇರೆಯವರೆಲ್ಲ ವಿಂಡೋ ಎಂದರೆ ಇಮ್ಯಾಕ್ಸ್ ಅದನ್ನು ಫ್ರೇಮ್ ಎನ್ನುತ್ತದೆ. ಕಂಟ್ರೋಲ್-ಎಕ್ಸ್ 2 ಅಥವಾ ಕಂಟ್ರೋಲ್-ಎಕ್ಸ್ 3 ಒತ್ತಿದಾಗ ಅದೇ ಫ್ರೇಮ್ ಅಡ್ಡಕ್ಕೋ ಉದ್ದಕ್ಕೋ ಸೀಳಿ ಉಂಟಾಗುವ ಭಾಗಗಳಿಗೆ ಇಲ್ಲಿ ವಿಂಡೋ ಎಂಬ ಹೆಸರು. ಆ ಭಾಗದಲ್ಲಿ ಕಾಣುವ ಪಠ್ಯ ಬಫರ್. 1976ರಲ್ಲಿ ಎಂಐಟಿಯಲ್ಲಿ ಮೊದಲ ಇಮ್ಯಾಕ್ಸ್ ಹುಟ್ಟಿದಾಗ ಇಂದಿನ ಮೌಸ್-ಕಿಟಕಿಗಳ ವ್ಯವಸ್ಥೆ ಜನರ ಮೇಜಿಗೆ ಬಂದಿರಲಿಲ್ಲ. ಪಠ್ಯದ ಪರದೆಯನ್ನು ಹಂಚಿಕೊಂಡ ಭಾಗಕ್ಕೇ ವಿಂಡೋ ಎಂಬ ಹೆಸರು ಅಂಟಿಕೊಂಡು, ಹೊರಗಿನ ಚೌಕಕ್ಕೆ ಬೇರೆ ಹೆಸರು ಹುಡುಕಬೇಕಾಯಿತು. ಈ ಮೂರು ಪದಗಳನ್ನು ಒಮ್ಮೆ ಗಟ್ಟಿ ಮಾಡಿಕೊಳ್ಳದಿದ್ದರೆ ಮುಂದಿನ ಉತ್ತರಗಳಲ್ಲಿ ಅರ್ಧಕ್ಕರ್ಧ ತಲೆಕೆಳಗಾಗಿ ಕಾಣುತ್ತವೆ.

ನಾನು ಒತ್ತುವ ಅಕ್ಷರ ಯಾವ ವಿಂಡೋಗೆ ಹೋಗುತ್ತೆ ಅಂತ ಒತ್ತುವ ಮೊದಲೇ ತಿಳಿಯೋದು ಹೇಗೆ?

ಯಾವ ಕ್ಷಣದಲ್ಲಿ ನೋಡಿದರೂ ಇಮ್ಯಾಕ್ಸ್‌ನಲ್ಲಿ ಆಯ್ಕೆಯಾಗಿರುವ ವಿಂಡೋ ಒಂದೇ ಒಂದು. ಗ್ರಾಫಿಕ್ ಪರದೆಯಲ್ಲಿ ಅದರ ಕರ್ಸರ್ ತುಂಬಿದ ಚೌಕವಾಗಿರುತ್ತದೆ. ಉಳಿದ ವಿಂಡೋಗಳಲ್ಲಿ ಬರಿಯ ಅಂಚು ಮಾತ್ರ ಕಾಣುವ ಟೊಳ್ಳು ಚೌಕವಿರುತ್ತದೆ. ಇದರ ಜೊತೆಗೆ ಆಯ್ದ ವಿಂಡೋದ ಕೆಳಗಿನ ಮೋಡ್ ಲೈನ್ (ಸ್ಥಿತಿ ತೋರಿಸುವ ಪಟ್ಟಿ) ಒಂದು ಬಣ್ಣದಲ್ಲಿ, ಉಳಿದವುಗಳದ್ದು ಮಂಕಾದ ಇನ್ನೊಂದು ಬಣ್ಣದಲ್ಲಿರುತ್ತದೆ. ಕೆಲವು ಬಣ್ಣವಿನ್ಯಾಸಗಳಲ್ಲಿ ಈ ಎರಡು ಬಣ್ಣಗಳ ನಡುವಿನ ವ್ಯತ್ಯಾಸ ಎಷ್ಟು ತೆಳುವಾಗಿರುತ್ತದೆಂದರೆ ಮಧ್ಯಾಹ್ನದ ಬೆಳಕಿನಲ್ಲಿ ಎರಡೂ ಒಂದೇ ಎನಿಸುತ್ತವೆ. ಅಂಥ ವಿನ್ಯಾಸ ಬಳಸುವವರು "ಮೋಡ್-ಲೈನ್-ಇನ್‌ಆಕ್ಟಿವ್" ಎಂಬ ಫೇಸ್‌ನ (ಬಣ್ಣ-ಅಕ್ಷರಶೈಲಿಯ ಹೊಂದಿಕೆಯ) ಹಿನ್ನೆಲೆ ಬಣ್ಣವನ್ನು ತಾವೇ ಬದಲಿಸಿಕೊಳ್ಳುವುದು ಒಳ್ಳೆಯದು.

ಎಲ್ಲ ವಿಂಡೋಗಳಲ್ಲಿಯೂ ಟೊಳ್ಳು ಕರ್ಸರೇ ಕಾಣುತ್ತಿದ್ದರೆ ಗಾಬರಿಯಾಗಬೇಕಿಲ್ಲ. ಆ ಫ್ರೇಮಿಗೆ ಆಪರೇಟಿಂಗ್ ಸಿಸ್ಟಂ ಫೋಕಸ್ ಕೊಟ್ಟಿಲ್ಲ ಎಂದಷ್ಟೇ ಅರ್ಥ, ನೀವು ಒತ್ತುವ ಕೀಲಿ ಬ್ರೌಸರಿಗೋ ಮತ್ತೊಂದಕ್ಕೋ ಹೋಗುತ್ತಿದೆ. ಟರ್ಮಿನಲ್ಲಿನಲ್ಲಿ ಇಮ್ಯಾಕ್ಸ್ ಓಡಿಸುವಾಗ ಟೊಳ್ಳು ಕರ್ಸರ್ ಇರುವುದಿಲ್ಲ, ಏಕೆಂದರೆ ಅಲ್ಲಿ ಟರ್ಮಿನಲ್ ತಾನೇ ಬಿಡಿಸುವ ಕರ್ಸರ್ ಒಂದೇ. ಅದು ಎಲ್ಲಿದೆಯೋ ಅದೇ ಆಯ್ದ ವಿಂಡೋ.

ಒಂದು ವಿಂಡೋದಿಂದ ಇನ್ನೊಂದಕ್ಕೆ ಹೋಗೋಕೆ ಪ್ರತಿ ಸಲ ಕಂಟ್ರೋಲ್-ಎಕ್ಸ್ ಓ ಒತ್ತಿ ಒತ್ತಿ ಸಾಕಾಗಿದೆ. ಬೇರೆ ದಾರಿ ಇಲ್ವಾ?

ಎರಡೇ ವಿಂಡೋ ಇದ್ದಾಗ ಕಂಟ್ರೋಲ್-ಎಕ್ಸ್ ಓಗಿಂತ ಸಲೀಸಾದದ್ದು ಬೇರೆ ಇಲ್ಲ. ನಾಲ್ಕು ವಿಂಡೋ ಆದಾಗ ಅದು ಚಕ್ರದಂತೆ ಒಂದೊಂದನ್ನೇ ಸುತ್ತುವುದರಿಂದ, ಬೇಕಾದದ್ದು ಹಿಂದಿನ ಮನೆಯಲ್ಲಿದ್ದರೂ ಊರೆಲ್ಲ ಸುತ್ತಿ ಬರಬೇಕಾಗುತ್ತದೆ. ಮೆಟಾ-ಮೈನಸ್ ಒತ್ತಿ ನಂತರ ಕಂಟ್ರೋಲ್-ಎಕ್ಸ್ ಓ ಒತ್ತಿದರೆ ಹಿಮ್ಮುಖವಾಗಿ ಚಲಿಸುತ್ತದೆ. ಇಮ್ಯಾಕ್ಸ್ 28ರಲ್ಲಿ ಬಂದ "ರಿಪೀಟ್-ಮೋಡ್" ಚಾಲೂ ಮಾಡಿದರೆ ಮೊದಲ ಸಲ ಮಾತ್ರ ಪೂರ್ತಿ ಒತ್ತಿ, ಆಮೇಲೆ ಬರಿಯ ಓ ಒತ್ತುತ್ತ ಮುಂದಕ್ಕೂ, ಶಿಫ್ಟ್ ಹಿಡಿದು ದೊಡ್ಡ ಓ ಒತ್ತುತ್ತ ಹಿಂದಕ್ಕೂ ಹೋಗಬಹುದು. ಇದರಲ್ಲೊಂದು ಪುಟ್ಟ ಅಪಾಯವಿದೆ: ಬಂದು ತಲುಪಿದ ಕೂಡಲೇ ಓ ಅಕ್ಷರದಿಂದ ಆರಂಭವಾಗುವ ಪದ ಟೈಪಿಸಹೊರಟರೆ ಮತ್ತೊಂದು ವಿಂಡೋಗೆ ಜಾರುತ್ತೀರಿ.

ನನ್ನ ಮೆಚ್ಚಿನದು "ವಿಂಡ್‌ಮೂವ್". ಅದರ ಡೀಫಾಲ್ಟ್ ಕೀಲಿಗಳನ್ನು ಚಾಲೂ ಮಾಡಿದರೆ ಶಿಫ್ಟ್ ಹಿಡಿದು ಬಾಣದ ಗುರುತು ಒತ್ತಿದ ದಿಕ್ಕಿನಲ್ಲಿರುವ ವಿಂಡೋ ಆಯ್ಕೆಯಾಗುತ್ತದೆ. ಕ್ರಮಸಂಖ್ಯೆ ನೆನಪಿಡುವ ಬದಲು ಕಣ್ಣಿಗೆ ಕಂಡ ದಿಕ್ಕಿಗೆ ಬೆರಳು ಹೋಗುವುದು ಸಹಜ. ಆದರೆ ಟಿಪ್ಪಣಿ, ಕೆಲಸಪಟ್ಟಿಗಳಿಗೆಂದಿರುವ ಆರ್ಗ್ ಮೋಡ್ ಕೂಡ ಶಿಫ್ಟ್-ಬಾಣಗಳನ್ನು ದಿನಾಂಕ ಮತ್ತು ಟುಡೂ ಸ್ಥಿತಿ ಬದಲಿಸಲು ಬಳಸುವುದರಿಂದ ಅಲ್ಲಿ ಎರಡಕ್ಕೂ ಜಗಳವಾಗುತ್ತದೆ. ಆರ್ಗ್ ಬಳಸುವವರು ವಿಂಡ್‌ಮೂವ್‌ಗೆ ಬೇರೆ ಮಾಡಿಫೈಯರ್ ಕೀಲಿ ಕೊಡಬೇಕು. ಡೀಫಾಲ್ಟ್ ಕೀಲಿಗಳನ್ನು ಚಾಲೂ ಮಾಡುವ ಆಜ್ಞೆಗೆ ಅದನ್ನೇ ಆರ್ಗ್ಯುಮೆಂಟಾಗಿ ಕೊಡಬಹುದು.

ಒಂದೇ ಕಡತವನ್ನು ಎರಡು ವಿಂಡೋಗಳಲ್ಲಿ ತೆರೆದಿದ್ದೇನೆ. ಅಕ್ಷರ ಎರಡು ಕಡೆಯೂ ಬೀಳುತ್ತಾ?

ಬಫರ್ ಒಂದೇ ಆದ್ದರಿಂದ ಬದಲಾವಣೆ ಎರಡೂ ಕಡೆ ಕಾಣುತ್ತದೆ, ಆದರೆ ಅದು ಬೀಳುವುದು ಆಯ್ದ ವಿಂಡೋದ ಕರ್ಸರ್ ಇರುವ ಸ್ಥಳದಲ್ಲಿ ಮಾತ್ರ. ಪ್ರತಿಯೊಂದು ವಿಂಡೋಗೂ ತನ್ನದೇ ಆದ ಪಾಯಿಂಟ್, ಅಂದರೆ ಕರ್ಸರ್ ಇರುವ ಸ್ಥಾನ, ಇರುತ್ತದೆ. ಅಧ್ಯಾಯದ ಮೊದಲ ಪುಟವನ್ನು ಮೇಲಿನ ವಿಂಡೋದಲ್ಲಿ ಇಟ್ಟುಕೊಂಡು ಕೊನೆಯ ಪುಟವನ್ನು ಕೆಳಗಿನದರಲ್ಲಿ ಬರೆಯಲು ಸಾಧ್ಯವಾಗುವುದು ಇದರಿಂದಲೇ.

## ದಿನನಿತ್ಯದ ತೊಡಕುಗಳು

ಹೆಲ್ಪ್ ವಿಂಡೋ ಮುಚ್ಚೋಕೆ ಕ್ಯೂ ಒತ್ತಿದರೆ ನನ್ನ ಕಡತದಲ್ಲಿ ಕ್ಯೂ ಅಕ್ಷರ ಬೀಳುತ್ತೆ. ಇದೇನು ಶಿಕ್ಷೆ?

ಕಂಟ್ರೋಲ್-ಎಚ್ ಎಫ್ ಒತ್ತಿ ಯಾವುದೋ ಫಂಕ್ಷನ್ ಬಗ್ಗೆ ಕೇಳಿದಾಗ ಇಮ್ಯಾಕ್ಸ್ ಹೆಲ್ಪ್ ಬಫರನ್ನು ಪಕ್ಕದಲ್ಲಿ ತೋರಿಸುತ್ತದೆಯೇ ಹೊರತು ಅದನ್ನು ಆಯ್ಕೆ ಮಾಡುವುದಿಲ್ಲ. ಓದುವ ಕಣ್ಣು ಅಲ್ಲಿ, ಬರೆಯುವ ಕೈ ಇಲ್ಲಿ ಎಂಬುದು ಇದರ ಹಿಂದಿನ ಲೆಕ್ಕಾಚಾರ: ಬರೆಯುವುದು ನಿಲ್ಲದೆ ವಿವರಣೆಯತ್ತ ಒಮ್ಮೆ ನೋಡಿಕೊಳ್ಳಲಿ ಎಂದು. ಹೆಲ್ಪ್ ವಿಂಡೋದಲ್ಲಿ ಕ್ಯೂ ಎಂದರೆ ಮುಚ್ಚು. ಆದರೆ ಫೋಕಸ್ ಇನ್ನೂ ನಿಮ್ಮ ಕಡತದಲ್ಲಿರುವುದರಿಂದ ಅಲ್ಲಿ ಕ್ಯೂ ಎಂದರೆ ಕ್ಯೂ ಅಕ್ಷರವೇ.

"ಹೆಲ್ಪ್-ವಿಂಡೋ-ಸೆಲೆಕ್ಟ್" ಎಂಬ ಆಯ್ಕೆಗೆ ಟಿ ("ಹೌದು" ಎಂಬರ್ಥದ) ಬೆಲೆ ಕೊಟ್ಟರೆ ಹೆಲ್ಪ್ ತೆರೆದ ಕೂಡಲೇ ಫೋಕಸ್ ಅಲ್ಲಿಗೆ ಹೋಗುತ್ತದೆ. ಓದಿ, ಕ್ಯೂ ಒತ್ತಿ, ಹಿಂದಿನ ಜಾಗಕ್ಕೆ ಮರಳಬಹುದು. ನಾನು ಹೀಗೆಯೇ ಇಟ್ಟುಕೊಂಡಿದ್ದೇನೆ. ಬೇಡವೆನ್ನುವವರು ಕಂಟ್ರೋಲ್-ಮೆಟಾ-ವಿ ಕಲಿಯಬೇಕು: ಅದು ನೀವಿರುವ ವಿಂಡೋ ಬಿಟ್ಟು ಕದಲದೆ ಪಕ್ಕದ ವಿಂಡೋವನ್ನು ಸರಿಸುತ್ತದೆ.

ತೋರಿಸುವುದು ಬೇರೆ, ಆಯ್ಕೆ ಮಾಡುವುದು ಬೇರೆ ಎಂಬ ಈ ಭೇದ ಹೆಲ್ಪಿಗೆ ಮಾತ್ರ ಸೀಮಿತವಲ್ಲ. ಕಂಪೈಲ್ ಆಜ್ಞೆ ಫಲಿತಾಂಶವನ್ನು ತೋರಿಸಿ ನಿಮ್ಮನ್ನು ಇದ್ದಲ್ಲಿಯೇ ಬಿಡುತ್ತದೆ. ಶೆಲ್ ಆಜ್ಞೆ ನಿಮ್ಮನ್ನು ಶೆಲ್ ವಿಂಡೋಗೆ ಕರೆದೊಯ್ಯುತ್ತದೆ. ಕಂಟ್ರೋಲ್-ಎಕ್ಸ್ ಕಂಟ್ರೋಲ್-ಬಿ ಬಫರುಗಳ ಪಟ್ಟಿಯನ್ನು ತೋರಿಸುತ್ತದೆ ಅಷ್ಟೇ, ಆಯ್ಕೆ ಮಾಡುವುದಿಲ್ಲ. ಒಳಗೆ ನೋಡಿದರೆ ಮೊದಲ ಗುಂಪು "ಡಿಸ್‌ಪ್ಲೇ-ಬಫರ್" ಎಂಬ ಫಂಕ್ಷನ್ನನ್ನೂ ಎರಡನೆಯ ಗುಂಪು "ಪಾಪ್-ಟು-ಬಫರ್" ಎಂಬುದನ್ನೂ ಆಶ್ರಯಿಸಿರುತ್ತದೆ.

ಮೌಸ್ ಚಕ್ರ ತಿರುಗಿಸಿದರೆ ಒಂದು ವಿಂಡೋ ಸರಿಯುತ್ತೆ, ಟೈಪ್ ಮಾಡಿದರೆ ಇನ್ನೊಂದರಲ್ಲಿ ಬೀಳುತ್ತೆ. ಎರಡೂ ಒಂದೇ ಕಡೆ ಇರೋ ಹಾಗೆ ಮಾಡಬಹುದಾ?

ಚಕ್ರಕ್ಕೂ ಕೀಲಿಗೂ ನಿಯಮ ಬೇರೆ. ಚಕ್ರದ ಚಲನೆ ಮೌಸ್ ಬಾಣದ ಕೆಳಗಿರುವ ವಿಂಡೋಗೆ ಸೇರುತ್ತದೆ, ಕೀಲಿ ಆಯ್ದ ವಿಂಡೋಗೆ ಸೇರುತ್ತದೆ. ಎರಡನ್ನೂ ಒಂದಾಗಿಸಬೇಕೆಂದರೆ "ಮೌಸ್-ಆಟೊಸೆಲೆಕ್ಟ್-ವಿಂಡೋ" ಚಾಲೂ ಮಾಡಿ. ಬಾಣ ಯಾವ ವಿಂಡೋ ಮೇಲೆ ಹೋಗುತ್ತದೆಯೋ ಅದೇ ಆಯ್ಕೆಯಾಗುತ್ತದೆ. ಬರಿಯ ಟಿ ಬದಲು ಒಂದು ಸಂಖ್ಯೆ, ಉದಾಹರಣೆಗೆ 0.3 ಎಂದು ಕೊಟ್ಟರೆ, ಅಷ್ಟು ಸೆಕೆಂಡು ಬಾಣ ಅಲ್ಲಿ ತಂಗಿದ ಮೇಲೆ ಮಾತ್ರ ಫೋಕಸ್ ಬದಲಾಗುತ್ತದೆ. ಈ ತಡ ಇಲ್ಲದಿದ್ದರೆ ದೂರದ ವಿಂಡೋ ತಲುಪಲು ಹೊರಟ ಬಾಣ ನಡುವೆ ಸಿಕ್ಕ ಪ್ರತಿಯೊಂದರ ಬಾಗಿಲನ್ನೂ ಬಡಿಯುತ್ತ ಹೋಗುತ್ತದೆ. ಪರದೆಯ ಕೆಳಗಿನ ಪ್ರಶ್ನೋತ್ತರದ ಸಾಲಾದ ಮಿನಿಬಫರ್ ಉತ್ತರಕ್ಕಾಗಿ ಕಾಯುತ್ತಿರುವಾಗ ಈ ಆಯ್ಕೆ ಅದರ ಫೋಕಸನ್ನು ಕಿತ್ತುಕೊಳ್ಳುವುದಿಲ್ಲ. ಬರೆದವರ ವಿವೇಕಕ್ಕೆ ನಮಸ್ಕಾರ.

"ಮಿನಿಬಫರ್‌ನಲ್ಲಿರುವಾಗ ಮಿನಿಬಫರ್ ಬಳಸಲು ಯತ್ನಿಸಿದ್ದೀರಿ" ಅಂತ ಬೈಯುತ್ತೆ. ನಾನು ಮಿನಿಬಫರ್‌ನಲ್ಲಿ ಇಲ್ಲವೇ ಇಲ್ಲ!

ನೀವು ಇಲ್ಲ, ಆದರೆ ನಿಮ್ಮ ಹಳೆಯ ಪ್ರಶ್ನೆಯೊಂದು ಇನ್ನೂ ಅಲ್ಲಿ ಕುಳಿತಿದೆ. ಮಿನಿಬಫರ್ ಕೂಡ ಒಂದು ವಿಂಡೋವೇ. ಕಡತದ ಹೆಸರು ಕೇಳುವಾಗಲೋ ಮೆಟಾ-ಎಕ್ಸ್ ಒತ್ತಿದಾಗಲೋ ಅದು ಆಯ್ದ ವಿಂಡೋ ಆಗುತ್ತದೆ. ಉತ್ತರ ಕೊಡದೆ ಮೌಸಿನಿಂದ ಮೇಲಿನ ಪಠ್ಯದ ಮೇಲೆ ಒತ್ತಿದರೆ ಅಥವಾ ಕಂಟ್ರೋಲ್-ಎಕ್ಸ್ ಓ ಒತ್ತಿದರೆ ಫೋಕಸ್ ಹೊರಗೆ ಬರುತ್ತದೆ, ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಈ ಏರ್ಪಾಡು ಉದ್ದೇಶಪೂರ್ವಕವಾದದ್ದು: ಉತ್ತರ ಬರೆಯುತ್ತಿರುವಾಗ ಮೇಲಿನ ವಿಂಡೋಗೆ ಹೋಗಿ ಒಂದು ಪದ ನಕಲು ಮಾಡಿ ತರಲು ಅನುಕೂಲ. ಮರೆತುಬಿಟ್ಟರೆ ಮಾತ್ರ ಮುಂದಿನ ಮೆಟಾ-ಎಕ್ಸ್ ಒತ್ತಿದಾಗ ಈ ಬೈಗುಳ ಕಾದಿರುತ್ತದೆ.

ಬಿಡುಗಡೆಗೆ ಮೂರು ದಾರಿಗಳಿವೆ. ಮಿನಿಬಫರ್‌ಗೆ ಮರಳಿ ಕಂಟ್ರೋಲ್-ಜಿ ಒತ್ತಬಹುದು. ಇದ್ದಲ್ಲಿಂದಲೇ ಕಂಟ್ರೋಲ್ ಹಿಡಿದು ಬಲ ಚೌಕಾವರಣ ಒತ್ತಬಹುದು. ಎಲ್ಲ ಪದರಗಳನ್ನೂ ಒಮ್ಮೆಗೇ ಕಿತ್ತು ಹೊರಬರಲು "ಟಾಪ್-ಲೆವೆಲ್" ಎಂಬ ಆಜ್ಞೆ ಓಡಿಸಬಹುದು. ಹೊರಗಿನ ವಿಂಡೋದಲ್ಲಿದ್ದುಕೊಂಡೇ ಬರಿಯ ಕಂಟ್ರೋಲ್-ಜಿ ಒತ್ತಿದರೆ ಕಾಯುತ್ತಿರುವ ಪ್ರಶ್ನೆ ಕದಲುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. "ಎನೇಬಲ್-ರಿಕರ್ಸಿವ್-ಮಿನಿಬಫರ್ಸ್" ಚಾಲೂ ಮಾಡಿದರೆ ಬೈಗುಳ ನಿಲ್ಲುತ್ತದೆ, ಪ್ರಶ್ನೆಯೊಳಗೆ ಪ್ರಶ್ನೆ ಏಳುತ್ತದೆ. ಹಾಗೆ ಮಾಡುವವರು "ಮಿನಿಬಫರ್-ಡೆಪ್ತ್-ಇಂಡಿಕೇಟ್-ಮೋಡ್" ಕೂಡ ಹಾಕಿಕೊಂಡರೆ ಎಷ್ಟನೆಯ ಪದರದಲ್ಲಿದ್ದೇವೆಂದು ಅಂಕಿ ಕಾಣುತ್ತದೆ.

ಇದು ಬರಿಯ ಕಿರಿಕಿರಿಯ ವಿಷಯವಲ್ಲ. ಒಮ್ಮೆ ದೂರದ ಸರ್ವರಿನ ಕಡತ ತೆರೆಯಲು ಹೊರಟಾಗ ಕೆಳಗೆ ಪಾಸ್‌ವರ್ಡ್ ಕೇಳಿತು. ಅಷ್ಟರಲ್ಲಿ ಏನೋ ನೆನಪಾಗಿ ಮೇಲಿನ ಟಿಪ್ಪಣಿಯ ಕಡತದ ಮೇಲೆ ಮೌಸ್ ಒತ್ತಿದೆ, ಫೋನ್ ಬಂತು, ಮಾತಾಡಿ ಬಂದು ಕೆಳಗಿನ ಪ್ರಶ್ನೆಯನ್ನೇ ನೋಡುತ್ತ ಪಾಸ್‌ವರ್ಡ್ ಟೈಪಿಸಿ ಎಂಟರ್ ಒತ್ತಿದೆ. ಚುಕ್ಕಿಗಳ ಬದಲು ಇಡೀ ಪಾಸ್‌ವರ್ಡ್ ಟಿಪ್ಪಣಿಯ ನಡುವೆ ಒಂದು ಸಾಲಾಗಿ ಕುಳಿತಿತ್ತು. ಅಂದಿನಿಂದ ಪಾಸ್‌ವರ್ಡ್ ಒತ್ತುವ ಮುನ್ನ ತುಂಬಿದ ಕರ್ಸರ್ ಎಲ್ಲಿದೆಯೆಂದು ನೋಡುವುದು ಅಭ್ಯಾಸವಾಗಿದೆ.

ಹುಡುಕುವಾಗ ಅಕ್ಷರಗಳು ಕೆಳಗೆ ಕಾಣುತ್ತವೆ, ಆದರೆ ಕರ್ಸರ್ ಮೇಲೇ ಇರುತ್ತೆ. ಆಗ ಫೋಕಸ್ ಎಲ್ಲಿದೆ?

ಕಂಟ್ರೋಲ್-ಎಸ್ ಒತ್ತಿ ನಡೆಸುವ ಹಂತಹಂತದ ಹುಡುಕಾಟ ಮಿನಿಬಫರನ್ನು ಆಯ್ಕೆ ಮಾಡುವುದಿಲ್ಲ. ಆಯ್ದ ವಿಂಡೋ ನಿಮ್ಮ ಪಠ್ಯದ್ದೇ. ಹುಡುಕಾಟ ಮುಗಿಯುವವರೆಗೆ ಕೀಲಿಗಳ ಅರ್ಥ ಹೇಳುವ ಪಟ್ಟಿಯನ್ನು ಮಾತ್ರ ತಾತ್ಕಾಲಿಕವಾಗಿ ಬದಲಿಸಲಾಗಿರುತ್ತದೆ. ಕೆಳಗೆ ಕಾಣುವುದು ಎಕೋ ಏರಿಯಾದಲ್ಲಿ (ಸಂದೇಶ ತೋರಿಸುವ ಕೆಳಸಾಲಿನಲ್ಲಿ) ಅಚ್ಚಾದ ಸಂದೇಶ. ಹುಡುಕುವ ಪದವನ್ನು ನಿಜವಾಗಿಯೂ ಮಿನಿಬಫರಿನಲ್ಲಿ ತಿದ್ದಬೇಕೆಂದರೆ ಹುಡುಕಾಟದ ನಡುವೆ ಮೆಟಾ-ಈ ಒತ್ತಬೇಕು, ಆಗ ಕರ್ಸರ್ ಕೆಳಗಿಳಿಯುತ್ತದೆ.

## ಫ್ರೇಮಿನಿಂದ ಫ್ರೇಮಿಗೆ

ಆಲ್ಟ್-ಟ್ಯಾಬ್ ಇರುವಾಗ ಕಂಟ್ರೋಲ್-ಎಕ್ಸ್ 5 ಓ ಯಾಕೆ ಬೇಕು?

ಆಲ್ಟ್-ಟ್ಯಾಬ್ ಎಲ್ಲ ತಂತ್ರಾಂಶಗಳ ನಡುವೆ ಸುತ್ತುತ್ತದೆ, ಕಂಟ್ರೋಲ್-ಎಕ್ಸ್ 5 ಓ ಇಮ್ಯಾಕ್ಸ್‌ನ ಫ್ರೇಮುಗಳ ನಡುವೆ ಮಾತ್ರ. ಟರ್ಮಿನಲ್ಲಿನಲ್ಲಿಯೂ ಒಂದರ ಹಿಂದೊಂದು ಫ್ರೇಮುಗಳನ್ನು ಇಟ್ಟುಕೊಳ್ಳಬಹುದು, ಅಲ್ಲಿ ಆಲ್ಟ್-ಟ್ಯಾಬ್ ಕೆಲಸಕ್ಕೆ ಬರುವುದಿಲ್ಲ. ಯಾವ ದಾರಿಯಲ್ಲಿ ಹೋದರೂ ಪ್ರತಿ ಫ್ರೇಮ್ ತನ್ನೊಳಗೆ ಕೊನೆಗೆ ಆಯ್ಕೆಯಾಗಿದ್ದ ವಿಂಡೋ ಯಾವುದೆಂದು ನೆನಪಿಟ್ಟುಕೊಂಡಿರುತ್ತದೆ. ಮರಳಿ ಬಂದಾಗ ಬಿಟ್ಟ ಜಾಗದಲ್ಲಿಯೇ ಇರುತ್ತೀರಿ.

ಬಾಣ ಹೋದ ಕಡೆ ಫೋಕಸ್ ಹೋಗುವ ಹಾಗೆ ನನ್ನ ವಿಂಡೋ ಮ್ಯಾನೇಜರ್ ಹೊಂದಿಸಿದ್ದೇನೆ. ಇಮ್ಯಾಕ್ಸ್ ಅದಕ್ಕೆ ಹೊಂದಿಕೊಳ್ಳುತ್ತಾ?

"ಫೋಕಸ್-ಫಾಲೋಸ್-ಮೌಸ್" ಎಂಬ ಆಯ್ಕೆಯ ಹೆಸರು ನೋಡಿ ಅದು ಈ ನಡವಳಿಕೆಯನ್ನು ಹುಟ್ಟಿಸುತ್ತದೆಂದು ಬಹಳ ಜನ ಭಾವಿಸುತ್ತಾರೆ. ಹಾಗಿಲ್ಲ. ಅದು ಇಮ್ಯಾಕ್ಸ್‌ಗೆ ಕೊಡುವ ಮಾಹಿತಿ ಮಾತ್ರ: ಹೊರಗಿನ ವ್ಯವಸ್ಥೆ ಹೀಗೆ ನಡೆಯುತ್ತದೆ, ಆದ್ದರಿಂದ ಬೇರೆ ಫ್ರೇಮಿಗೆ ಹೋಗುವಾಗ ಮೌಸ್ ಬಾಣವನ್ನೂ ಜೊತೆಗೆ ಒಯ್ಯಿ, ಇಲ್ಲದಿದ್ದರೆ ಫೋಕಸ್ ಹಳೆಯ ಫ್ರೇಮಿಗೇ ಹಿಂದಿರುಗುತ್ತದೆ ಎಂದು ತಿಳಿಸುವುದು. ಫ್ರೇಮಿನೊಳಗಿನ ವಿಂಡೋಗಳ ಮಟ್ಟಿಗೆ ಬಾಣವನ್ನು ಹಿಂಬಾಲಿಸುವುದು ಮೇಲೆ ಹೇಳಿದ ಮೌಸ್-ಆಟೊಸೆಲೆಕ್ಟ್-ವಿಂಡೋದ ಕೆಲಸ. ಎರಡು ಆಯ್ಕೆಗಳಿರುವುದು ಇಬ್ಬರು ಯಜಮಾನರಿರುವುದರಿಂದಲೇ.

ಇಮ್ಯಾಕ್ಸ್‌ಕ್ಲೈಂಟ್‌ನಿಂದ (ಓಡುತ್ತಿರುವ ಇಮ್ಯಾಕ್ಸ್‌ಗೆ ಕಡತ ಕಳಿಸುವ ಪುಟ್ಟ ಪ್ರೋಗ್ರಾಮು) ಕಡತ ತೆರೆದರೆ ಫ್ರೇಮ್ ಮುಂದೆ ಬರುವುದಿಲ್ಲ, ಟಾಸ್ಕ್‌ಬಾರ್‌ನಲ್ಲಿ ಮಿನುಗುತ್ತೆ ಅಷ್ಟೇ. ಯಾಕೆ?

ಇಮ್ಯಾಕ್ಸ್ ಫೋಕಸನ್ನು ಬೇಡಬಹುದು, ಕೊಡುವುದು ಬಿಡುವುದು ಡೆಸ್ಕ್‌ಟಾಪಿನ ಕೈಯಲ್ಲಿದೆ. ನೀವು ಬ್ರೌಸರಿನಲ್ಲಿ ಏನೋ ಬರೆಯುತ್ತಿರುವಾಗ ಬೇರೊಂದು ತಂತ್ರಾಂಶ ಮುಂದೆ ನುಗ್ಗಿ ಕೀಲಿಗಳನ್ನು ಕಸಿಯಬಾರದೆಂದು ಈಗಿನ ಡೆಸ್ಕ್‌ಟಾಪುಗಳು ತಡೆ ಹಾಕಿವೆ. ಮೈಕ್ರೋಸಾಫ್ಟ್ ವಿಂಡೋಸ್‌ನಲ್ಲಿ ಹಿನ್ನೆಲೆಯಲ್ಲಿರುವ ಪ್ರೋಗ್ರಾಮು ತನ್ನನ್ನು ತಾನೇ ಮುಂದೆ ತಂದುಕೊಳ್ಳುವಂತಿಲ್ಲ. ಅದಕ್ಕೆಂದೇ ಇಮ್ಯಾಕ್ಸ್‌ಕ್ಲೈಂಟ್, ತನಗೆ ಆ ಕ್ಷಣ ಇರುವ ಮುಂಭಾಗದ ಹಕ್ಕನ್ನು ಇಮ್ಯಾಕ್ಸ್ ಸರ್ವರಿಗೆ ದಾಟಿಸುವ ಕೆಲಸವನ್ನು ತಾನೇ ಮಾಡುತ್ತದೆ. ಲಿನಕ್ಸಿನ ಹೊಸ ಪರದೆ ವ್ಯವಸ್ಥೆಯಾದ ವೇಲ್ಯಾಂಡಿನಲ್ಲಿ ಕಟ್ಟುಪಾಡು ಇನ್ನೂ ಬಿಗಿ: ಬಳಕೆದಾರರ ಕ್ರಿಯೆಯಿಂದ ಹುಟ್ಟಿದ ಟೋಕನ್ ತೋರಿಸಿದವರಿಗೆ ಮಾತ್ರ ಫೋಕಸ್. 2023ರಲ್ಲಿ ಬಂದ ಇಮ್ಯಾಕ್ಸ್ 29ರಿಂದ ವೇಲ್ಯಾಂಡ್‌ಗೆ ನೇರ ಬೆಂಬಲವಿರುವ ಬಿಲ್ಡ್ ಸಿಗುತ್ತದಾದರೂ, ಹಳೆಯ ಎಕ್ಸ್11ರಲ್ಲಿ ಇದ್ದಂತೆ ಬಲವಂತದಿಂದ ಫೋಕಸ್ ಎಳೆದುಕೊಳ್ಳುವ ಸಲುಗೆ ಅಲ್ಲಿಲ್ಲ. ನಾನು ಇದನ್ನು ದೋಷವೆಂದು ಎಣಿಸುವುದಿಲ್ಲ. ಪಾಸ್‌ವರ್ಡಿನ ಕಥೆ ಓದಿದವರಿಗೆ ಕಾರಣ ತಿಳಿದೀತು.

ಟಿಮಕ್ಸ್ ಒಳಗೆ ಇಮ್ಯಾಕ್ಸ್ ಓಡಿಸ್ತೇನೆ. ಫೋಕಸ್ ಎಷ್ಟು ಪದರ ಆಯಿತು?

ಮೂರು. ಡೆಸ್ಕ್‌ಟಾಪ್ ಟರ್ಮಿನಲ್ಲಿಗೆ ಕೊಡುತ್ತದೆ, ಟರ್ಮಿನಲ್ಲನ್ನು ಭಾಗ ಮಾಡುವ ಟಿಮಕ್ಸ್ ತನ್ನ ಒಂದು ಪೇನ್‌ಗೆ (ಭಾಗಕ್ಕೆ) ಕೊಡುತ್ತದೆ, ಇಮ್ಯಾಕ್ಸ್ ತನ್ನ ಒಂದು ವಿಂಡೋಗೆ ಕೊಡುತ್ತದೆ. ಟಿಮಕ್ಸ್‌ನಲ್ಲಿಯೂ ಮುಂದಿನ ಪೇನ್‌ಗೆ ಹೋಗುವ ಅಕ್ಷರ ಓ ಆಗಿರುವುದು ಬೆರಳುಗಳ ಗೊಂದಲಕ್ಕೆ ತುಪ್ಪ ಸುರಿದಂತೆ. ಟರ್ಮಿನಲ್ಲಿನೊಳಗೆ ಇಮ್ಯಾಕ್ಸ್ ಸಾಮಾನ್ಯವಾಗಿ ತನಗೆ ಫೋಕಸ್ ಇದೆಯೋ ಇಲ್ಲವೋ ಅರಿಯದು. ಟರ್ಮಿನಲ್ ಎಸ್ಕೇಪ್ ಸಂಕೇತಗಳ ಮೂಲಕ ತಿಳಿಸಿದರೆ ಮಾತ್ರ ಗೊತ್ತಾಗುತ್ತದೆ, ಆ ಸಂಕೇತಗಳು ಒಳಗೆ ದಾಟಲು ಟಿಮಕ್ಸ್‌ನ "ಫೋಕಸ್-ಇವೆಂಟ್ಸ್" ಆಯ್ಕೆ ಚಾಲೂ ಇರಬೇಕು.

## ಕನ್ನಡದಲ್ಲಿ ಬರೆಯುವವರಿಗೆ

ಕನ್ನಡ ಲೇಔಟ್ ಹಾಕಿದ ಕೂಡಲೇ ಕಂಟ್ರೋಲ್-ಎಕ್ಸ್ ಓ ಕೆಲಸ ಮಾಡುವುದೇ ಇಲ್ಲ. ಫೋಕಸ್ ಸಿಕ್ಕಿಹಾಕಿಕೊಂಡಿದೆಯಾ?

ಫೋಕಸ್ ಸರಿಯಾಗಿಯೇ ಇದೆ, ಕೀಲಿಯ ಹೆಸರು ಬದಲಾಗಿದೆ. ಲಿನಕ್ಸಿನಲ್ಲಿ ವ್ಯವಸ್ಥೆಯ ಮಟ್ಟದಲ್ಲಿಯೇ ಕನ್ನಡ ಇನ್‌ಸ್ಕ್ರಿಪ್ಟ್ ಲೇಔಟ್ ಆರಿಸಿದಾಗ ಎಕ್ಸ್ ಕೀಲಿಯ ಜಾಗದಲ್ಲಿ ಅನುಸ್ವಾರವಿರುತ್ತದೆ. ನೀವು ಕಂಟ್ರೋಲ್ ಹಿಡಿದು ಅದನ್ನು ಒತ್ತಿದರೆ ಇಮ್ಯಾಕ್ಸ್‌ಗೆ ತಲುಪುವುದು "ಕಂಟ್ರೋಲ್-ಅನುಸ್ವಾರ". ಅಂಥ ಆಜ್ಞೆಯೇ ಇಲ್ಲವೆಂದು ಅದು ಕೆಳಗೆ ತಿಳಿಸಿ ಸುಮ್ಮನಾಗುತ್ತದೆ. ರಷ್ಯನ್ ಮುಂತಾದ ಭಾಷೆಗಳವರಿಗೂ ಇದೇ ಗೋಳು.

ಇಮ್ಯಾಕ್ಸ್‌ನದೇ ಇನ್‌ಪುಟ್ ಮೆಥಡ್ ಬಳಸಿದರೆ ಈ ತೊಂದರೆ ಬಾರದು. ವ್ಯವಸ್ಥೆಯ ಲೇಔಟನ್ನು ಇಂಗ್ಲಿಷಿನಲ್ಲಿಯೇ ಬಿಟ್ಟು, ಕಂಟ್ರೋಲ್ ಹಿಡಿದು ಹಿಮ್ಮುಖ ಓರೆಗೆರೆ ಒತ್ತಿ. ಮೊದಲ ಸಲ ಮೆಥಡ್‌ನ ಹೆಸರು ಕೇಳಿದಾಗ "ಕನ್ನಡ-ಐಟ್ರಾನ್ಸ್" ಅಥವಾ "ಕನ್ನಡ-ಇನ್‌ಸ್ಕ್ರಿಪ್ಟ್" ಎಂದು ಕೊಡಿ. ಇವೆರಡೂ ಇಮ್ಯಾಕ್ಸ್ ಜೊತೆಯಲ್ಲಿಯೇ ಬರುತ್ತವೆ. ಇಲ್ಲಿ ಅನುವಾದವಾಗುವುದು ಬರಿಯ ಅಕ್ಷರದ ಕೀಲಿಗಳು ಮಾತ್ರ, ಕಂಟ್ರೋಲ್ ಮತ್ತು ಮೆಟಾ ಜೊತೆಗಿನವು ಹಾಗೆಯೇ ದಾಟುತ್ತವೆ. ಆದ್ದರಿಂದ ಕನ್ನಡದಲ್ಲಿ ಬರೆಯುತ್ತಲೇ ವಿಂಡೋದಿಂದ ವಿಂಡೋಗೆ ಹಾರಬಹುದು.

ಈ ವಿಂಡೋದಲ್ಲಿ ಕನ್ನಡ ಬರುತ್ತೆ, ಪಕ್ಕದ್ದಕ್ಕೆ ಹೋದರೆ ಇಂಗ್ಲಿಷ್ ಆಗುತ್ತೆ. ಎಲ್ಲ ಕಡೆ ಕನ್ನಡವೇ ಇರೋ ಹಾಗೆ ಮಾಡೋದು ಹೇಗೆ?

ಇಮ್ಯಾಕ್ಸ್‌ನ ಇನ್‌ಪುಟ್ ಮೆಥಡ್ ವಿಂಡೋಗೂ ಸೇರಿಲ್ಲ, ಫ್ರೇಮಿಗೂ ಸೇರಿಲ್ಲ. ಅದು ಬಫರಿನ ಸ್ವತ್ತು. ಲೇಖನದ ಬಫರಿನಲ್ಲಿ ಕನ್ನಡ ಚಾಲೂ ಮಾಡಿ ಪಕ್ಕದ ಪ್ರೋಗ್ರಾಮ್ ಕಡತಕ್ಕೆ ಹೋದರೆ ಅಲ್ಲಿ ಇಂಗ್ಲಿಷೇ ಇರುತ್ತದೆ, ಮರಳಿ ಬಂದರೆ ಕನ್ನಡ ಕಾದಿರುತ್ತದೆ. ಒಂದೇ ಬಫರನ್ನು ಎರಡು ವಿಂಡೋಗಳಲ್ಲಿ ತೆರೆದಿದ್ದರೆ ಎರಡರಲ್ಲಿಯೂ ಕನ್ನಡ. ಲೇಖನವನ್ನೂ ಕೋಡನ್ನೂ ಅಕ್ಕಪಕ್ಕ ಇಟ್ಟು ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನಾನು ಕಂಡಿಲ್ಲ. ಐಬಸ್‌ನಂಥ ಹೊರಗಿನ ಇನ್‌ಪುಟ್ ವ್ಯವಸ್ಥೆಗೆ ಕಾಣುವುದು ಫ್ರೇಮ್ ಮಾತ್ರ, ಒಳಗಿನ ವಿಂಡೋಗಳು ಅದರ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಈ ಸೂಕ್ಷ್ಮ ಅದರಿಂದ ಆಗದು.

ಟಿಪ್ಪಣಿಯ ಕಡತಗಳೆಲ್ಲ ಕನ್ನಡದಲ್ಲಿಯೇ ತೆರೆಯಬೇಕೆಂದರೆ "ಟೆಕ್ಸ್ಟ್-ಮೋಡ್-ಹುಕ್" (ಪಠ್ಯ ಕಡತ ತೆರೆದಾಗ ತಾನಾಗಿ ಓಡುವ ಫಂಕ್ಷನ್ನುಗಳ ಪಟ್ಟಿ) ಒಳಗೆ "ಆಕ್ಟಿವೇಟ್-ಇನ್‌ಪುಟ್-ಮೆಥಡ್" ಕರೆಯಿರಿ. ಮಿನಿಬಫರೂ ತನ್ನದೇ ಬಫರ್ ಆದ್ದರಿಂದ ಕಡತದ ಹೆಸರು ಕೇಳುವಾಗ ಇಂಗ್ಲಿಷಿಗೆ ಮರಳುತ್ತದೆ. ಹುಡುಕಿ ಬದಲಿಸುವ ಮೆಟಾ-ಶೇಕಡಾ ಆಜ್ಞೆ ಮಾತ್ರ ನೀವು ಬಂದ ಬಫರಿನ ಮೆಥಡ್ಡನ್ನು ಜೊತೆಗೊಯ್ಯುತ್ತದೆ, ಅಲ್ಲಿ ಕನ್ನಡ ಪದವೇ ಬೇಕಿರುತ್ತದೆಂಬ ಊಹೆಯಿಂದ.

## ಕೋಡ್ ಬರೆಯುವವರಿಗೆ

ನನ್ನ ಫಂಕ್ಷನ್‌ನಲ್ಲಿ ಸೆಟ್-ಬಫರ್ ಕರೆದೆ, ಆದರೆ ಆಮೇಲೆ ಟೈಪ್ ಮಾಡಿದ್ದು ಹಳೆಯ ಬಫರ್‌ಗೇ ಹೋಯ್ತು. ಯಾಕೆ?

"ಸದ್ಯದ ಬಫರ್" ಮತ್ತು "ಆಯ್ದ ವಿಂಡೋದ ಬಫರ್" ಎರಡು ಬೇರೆ ಸಂಗತಿಗಳು. ಸೆಟ್-ಬಫರ್ ಬದಲಿಸುವುದು ಮೊದಲನೆಯದನ್ನು, ಅದೂ ನಿಮ್ಮ ಕೋಡ್ ಓಡುತ್ತಿರುವಷ್ಟು ಹೊತ್ತು. ಆಜ್ಞೆ ಮುಗಿದು ಇಮ್ಯಾಕ್ಸ್ ಮುಂದಿನ ಕೀಲಿಗಾಗಿ ಕಾಯಲು ಹೋದಾಗ ಆಯ್ದ ವಿಂಡೋ ತೋರಿಸುತ್ತಿರುವ ಬಫರನ್ನೇ ಮತ್ತೆ ಸದ್ಯದ ಬಫರಾಗಿ ಕೂರಿಸುತ್ತದೆ. ಕೀಲಿಯ ಅರ್ಥವನ್ನು ಆ ಬಫರಿನ ಕೀಲಿಪಟ್ಟಿಯಲ್ಲಿ ಹುಡುಕುತ್ತದೆ. ಬಳಕೆದಾರರು ಅಲ್ಲಿಗೆ ಹೋಗಿ ಬರೆಯಬೇಕೆಂದಿದ್ದರೆ ಪಾಪ್-ಟು-ಬಫರ್ ಕರೆಯಿರಿ. ಪಠ್ಯ ಸೇರಿಸಿ ಮರಳುವುದಷ್ಟೇ ಕೆಲಸವಾದರೆ "ವಿತ್-ಕರೆಂಟ್-ಬಫರ್" ಸಾಕು. ವಿಂಡೋವನ್ನೇ ಆಯ್ದು ಏನಾದರೂ ಮಾಡಿ ಹಿಂದಿರುಗಬೇಕಾದರೆ "ವಿತ್-ಸೆಲೆಕ್ಟೆಡ್-ವಿಂಡೋ" ಇದೆ.

ಸೆಲೆಕ್ಟ್-ಫ್ರೇಮ್ ಕರೆದರೂ ಫೋಕಸ್ ಹಳೆಯ ಫ್ರೇಮಿನಲ್ಲೇ ಇದೆಯಲ್ಲ?

ಸೆಲೆಕ್ಟ್-ಫ್ರೇಮ್ ಇಮ್ಯಾಕ್ಸ್‌ನ ಒಳಲೆಕ್ಕವನ್ನು ಮಾತ್ರ ತಿದ್ದುತ್ತದೆ, ಹೊರಗಿನ ಯಜಮಾನನಿಗೆ ಸುದ್ದಿ ಮುಟ್ಟಿಸುವುದಿಲ್ಲ. ಗ್ರಾಫಿಕ್ ವ್ಯವಸ್ಥೆಯಲ್ಲಿ ಹಳೆಯ ಫ್ರೇಮಿನ ಬಳಿಯೇ ಫೋಕಸ್ ಉಳಿದಿರುವುದರಿಂದ ಆಜ್ಞೆ ಮುಗಿದ ಮೇಲೆ ಆಯ್ಕೆಯೂ ಅಲ್ಲಿಗೇ ಮರಳಬಹುದು. "ಸೆಲೆಕ್ಟ್-ಫ್ರೇಮ್-ಸೆಟ್-ಇನ್‌ಪುಟ್-ಫೋಕಸ್" ಎಂಬ ಉದ್ದ ಹೆಸರಿನ ಫಂಕ್ಷನ್ ಆಯ್ಕೆಯನ್ನೂ ಮಾಡಿ, ಫ್ರೇಮನ್ನು ಮುಂದೆಯೂ ತಂದು, ಫೋಕಸನ್ನೂ ಬೇಡುತ್ತದೆ.

ಬೇರೆ ತಂತ್ರಾಂಶಕ್ಕೆ ಹೋದ ಕೂಡಲೇ ಎಲ್ಲ ಕಡತ ಸೇವ್ ಆಗಬೇಕು. ಫೋಕಸ್-ಔಟ್-ಹುಕ್ ಬಳಸಲೇ?

ಬೇಡ. ಅದು ಇಮ್ಯಾಕ್ಸ್ 27.1ರಿಂದ ಬಳಕೆ ತಪ್ಪಿದ ಹುಕ್. ಈಗ "ಆಫ್ಟರ್-ಫೋಕಸ್-ಚೇಂಜ್-ಫಂಕ್ಷನ್" ಇದೆ. ಅದಕ್ಕೆ "ಆಡ್-ಫಂಕ್ಷನ್" ಮೂಲಕ ನಿಮ್ಮ ಫಂಕ್ಷನ್ ಸೇರಿಸಿ, ಒಳಗೆ ಪ್ರತಿ ಫ್ರೇಮಿನ "ಫ್ರೇಮ್-ಫೋಕಸ್-ಸ್ಟೇಟ್" ಕೇಳಿ, ಯಾವುದಕ್ಕೂ ಫೋಕಸ್ ಇಲ್ಲದಿದ್ದಾಗ ಮಾತ್ರ ಸೇವ್ ಮಾಡಿ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ದಾಟುವಾಗ ಫೋಕಸ್ ಹೋದ ಸುದ್ದಿ, ಬಂದ ಸುದ್ದಿ ಎರಡೂ ಬರುವುದರಿಂದ ಈ ಪರೀಕ್ಷೆ ಅಗತ್ಯ. ಟರ್ಮಿನಲ್ ಏನೂ ತಿಳಿಸದಿದ್ದರೆ ಉತ್ತರ "ಅನ್‌ನೋನ್" ಎಂದು ಬರುತ್ತದೆ. ಅದನ್ನು ಇಲ್ಲ ಎಂದು ಓದಿಕೊಳ್ಳಬಾರದು.

ಪಕ್ಕದಲ್ಲಿ ಕಡತಗಳ ಪಟ್ಟಿ ಇಟ್ಟಿದ್ದೇನೆ. ಕಂಟ್ರೋಲ್-ಎಕ್ಸ್ ಓ ಅದನ್ನು ದಾಟಿ ಹೋಗಬೇಕು.

ಆ ವಿಂಡೋಗೆ "ನೋ-ಅದರ್-ವಿಂಡೋ" ಎಂಬ ಪ್ಯಾರಾಮೀಟರನ್ನು ಟಿ ಎಂದು ಇಡಿ. ಮೌಸಿನಿಂದಲೂ ಕೋಡಿನಿಂದಲೂ ಅಲ್ಲಿಗೆ ಹೋಗಲು ಅಡ್ಡಿಯಿಲ್ಲ.

ಇಮ್ಯಾಕ್ಸ್ ತುಸು ಸ್ತಬ್ಧವಾಗಿದ್ದಾಗ ನಾನು ಟೈಪ್ ಮಾಡ್ತಾ ಹೋದರೆ, ಆ ಅಕ್ಷರಗಳು ಎಲ್ಲಿಗೆ ಸೇರುತ್ತವೆ?

ಒತ್ತಿದ ಕ್ಷಣ ಯಾವ ವಿಂಡೋ ಆಯ್ಕೆಯಾಗಿತ್ತೋ ಅದಕ್ಕಲ್ಲ. ಓದುವ ಕ್ಷಣ ಯಾವುದು ಆಯ್ಕೆಯಾಗಿರುತ್ತದೋ ಅದಕ್ಕೆ. ಕೀಲಿಗಳು ಬಂದಂತೆ ಸರದಿಯಲ್ಲಿ ನಿಲ್ಲುತ್ತವೆ, ಪ್ರತಿಯೊಂದರ ಜೊತೆ ಅದು ಯಾವ ಫ್ರೇಮಿಗೆ ಬಂತೆಂಬ ಗುರುತು ಇರುತ್ತದೆ, ಯಾವ ವಿಂಡೋಗೆ ಎಂಬುದು ಮಾತ್ರ ಇರುವುದಿಲ್ಲ. ನಿಧಾನವಾದ ಒಂದು ಆಜ್ಞೆ ಮುಗಿಯುವಾಗ ಬೇರೆ ವಿಂಡೋವನ್ನು ಆಯ್ದರೆ ಸರದಿಯಲ್ಲಿ ಕಾದಿದ್ದ ಅಕ್ಷರಗಳೆಲ್ಲ ಆ ವಿಂಡೋಗೆ ಸುರಿಯುತ್ತವೆ. ಸರದಿಯಲ್ಲಿ ಮುಂದಿನ ಕೀಲಿಯ ಫ್ರೇಮ್ ಹಿಂದಿನದಕ್ಕಿಂತ ಬೇರೆಯಾಗಿದ್ದರೆ ನಡುವೆ ಫ್ರೇಮ್ ಬದಲಾಯಿತೆಂಬ ಘಟನೆಯೊಂದನ್ನು ಇಮ್ಯಾಕ್ಸ್ ತಾನೇ ಹುಟ್ಟಿಸುತ್ತದೆ. ಆ ಘಟನೆ ಕಂಟ್ರೋಲ್-ಎಕ್ಸ್ ಮತ್ತು ಓ ನಡುವೆ ಬಂದು ಬಿದ್ದರೆ ಕೀಲಿಸಾಲು ಒಡೆಯುತ್ತದಲ್ಲವೇ ಎಂಬ ಸಂಶಯ ಬರಬಹುದು. ಹಾಗಾಗದಂತೆ ಅದನ್ನು ಕೀಲಿಸಾಲಿನ ಮೊದಲಿಗೋ ಕೊನೆಗೋ ಸರಿಸಲಾಗುತ್ತದೆ.

ಬರೆಯುತ್ತಿರುವಾಗಲೇ ಕರ್ಸರ್ ತಾನಾಗಿ ಬೇರೆ ವಿಂಡೋಗೆ ಹಾರುತ್ತೆ. ಕಳ್ಳನನ್ನು ಹಿಡಿಯೋದು ಹೇಗೆ?

ಬಹುಮಟ್ಟಿಗೆ ಅದು ಯಾವುದೋ ಪ್ಯಾಕೇಜಿನ ಟೈಮರ್ ಅಥವಾ ಹೊರಗಿನ ಪ್ರೋಗ್ರಾಮಿನ ಔಟ್‌ಪುಟ್ ಓದುವ ಫಿಲ್ಟರ್ ಆಗಿರುತ್ತದೆ. ಇವು ಓಡುವುದು ಇಮ್ಯಾಕ್ಸ್ ಇನ್‌ಪುಟ್‌ಗಾಗಿ ಕಾಯುವಾಗ, ಅಂದರೆ ನಿಮ್ಮ ಎರಡು ಅಕ್ಷರಗಳ ನಡುವಿನ ಬಿಡುವಿನಲ್ಲಿ. ಒಳಗೆ ಡಿಸ್‌ಪ್ಲೇ-ಬಫರ್ ಇರಬೇಕಾದ ಕಡೆ ಪಾಪ್-ಟು-ಬಫರ್ ಬರೆದಿದ್ದರೆ ಅಥವಾ ವಿಂಡೋ ಆಯ್ದು ಹಿಂದಿರುಗಿಸದೆ ಬಿಟ್ಟಿದ್ದರೆ ಮುಂದಿನ ಅಕ್ಷರ ಅಲ್ಲಿಗೇ ಬೀಳುತ್ತದೆ. "ವಿಂಡೋ-ಸೆಲೆಕ್ಷನ್-ಚೇಂಜ್-ಫಂಕ್ಷನ್ಸ್" ಇಲ್ಲಿ ನೆರವಾಗದು, ಏಕೆಂದರೆ ಅದು ಪರದೆ ಮತ್ತೆ ಬಿಡಿಸುವ ಹೊತ್ತಿಗೆ ಓಡುತ್ತದೆ, ಅಷ್ಟರಲ್ಲಿ ಕಳ್ಳ ಓಡಿಹೋಗಿರುತ್ತಾನೆ. ಪಾಪ್-ಟು-ಬಫರ್ ಮೇಲೆ "ಟ್ರೇಸ್-ಫಂಕ್ಷನ್-ಬ್ಯಾಕ್‌ಗ್ರೌಂಡ್" ಹಾಕಿ ಕೆಲಸ ಮುಂದುವರಿಸಿ. ಕರೆಗಳೆಲ್ಲ ಯಾವ ಬಫರಿಗೆ ಎಂಬ ವಿವರದೊಂದಿಗೆ ಒಂದು ದಾಖಲೆಯ ಬಫರಿನಲ್ಲಿ ಸಂಗ್ರಹವಾಗುತ್ತವೆ, ಬಫರಿನ ಹೆಸರು ನೋಡಿದರೆ ಪ್ಯಾಕೇಜು ಯಾವುದೆಂದು ಬಹುತೇಕ ಗೊತ್ತಾಗುತ್ತದೆ. ಹೆಸರಿನ ಕೊನೆಯ "ಬ್ಯಾಕ್‌ಗ್ರೌಂಡ್" ಬಿಡಬೇಡಿ. ಬರಿಯ "ಟ್ರೇಸ್-ಫಂಕ್ಷನ್" ಪ್ರತಿ ಕರೆಗೂ ದಾಖಲೆಯ ವಿಂಡೋವನ್ನು ಪರದೆಗೆ ತಂದು ನಿಲ್ಲಿಸುತ್ತದೆ.